ಹಂದಿ ತಿನ್ನದವರ ತಲೆಗೂ ಲಾಡಿಹುಳು

ಲಾಡಿಹುಳು ಅಂದರೆ ಹಂದಿಮಾಂಸ ತಿನ್ನೋರ ಕಾಯಿಲೆ, ನಮಗೇನು ಅನ್ನುವವರೇ ಹೆಚ್ಚು. ಅದು ಅರ್ಧ ನಿಜ. ಉಳಿದರ್ಧ ನಮ್ಮ ಸೊಪ್ಪಿನ ಮಡಿಯಲ್ಲೇ ಇದೆ. ಮೊಟ್ಟೆಯನ್ನೂ ಮುಟ್ಟದ ನಮ್ಮೂರಿನ ಒಂದು ಮನೆಯ ಹುಡುಗನಿಗೆ ಫಿಟ್ಸ್ ಬಂತು. ಸ್ಕ್ಯಾನ್ ಮಾಡಿದಾಗ ಮಿದುಳಿನಲ್ಲಿ ಈ ಹುಳುವಿನ ಗುಳ್ಳೆ ಕಂಡಿತು. ಆಮೇಲೆ ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ದೊಡ್ಡ ಹುಳು ವಾಸ ಮಾಡುವುದು ಮನುಷ್ಯನ ಕರುಳಿನಲ್ಲಿ. ಲಾಡಿಯ ಹಾಗೆ ಚಪ್ಪಟೆ, ಉದ್ದ 2ರಿಂದ 7 ಮೀಟರ್. ಬಲಿತ ತುಂಡುಗಳು ಕಳಚಿ ಮಲದ ಜೊತೆ ಬೀಳುತ್ತವೆ. ಒಂದೊಂದು ತುಂಡಿನಲ್ಲೂ ಸಾವಿರಗಟ್ಟಲೆ ಮೊಟ್ಟೆ. ಆ ಮಲವನ್ನು ಹಂದಿ ತಿಂದರೆ ಮರಿ ರಕ್ತದಲ್ಲಿ ಹರಿದು ಮಾಂಸ ಸೇರಿ ಬಿಳಿ ಗುಳ್ಳೆಯಾಗುತ್ತದೆ. ಅಂಥ ಮಾಂಸ ಅರೆಬೆಂದದ್ದು ತಿಂದವರ ಕರುಳಿನಲ್ಲಿ ಸುಮಾರು 2 ತಿಂಗಳಲ್ಲಿ ಹುಳು ಬೆಳೆಯುತ್ತದೆ. ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಾಗೋದಿಲ್ಲ.

ದೊಡ್ಡ ಅಪಾಯ ಮೊಟ್ಟೆಯದು. ಅದು ಮನುಷ್ಯನ ಬಾಯಿಗೆ ಹೋದರೆ ಹಂದಿಗೆ ಆದದ್ದೇ ನಮಗೂ ಆಗುತ್ತದೆ. ಗುಳ್ಳೆ ಮಾಂಸದಲ್ಲಿ, ಕಣ್ಣಿನಲ್ಲಿ, ಮಿದುಳಿನಲ್ಲಿ ಕೂರುತ್ತದೆ. ತಿಂಗಳೋ ವರ್ಷವೋ ಕಳೆದು ತಲೆನೋವು, ಫಿಟ್ಸ್ ಶುರುವಾಗುತ್ತದೆ. ಈ ಹುಳು ನೆಲೆಯೂರಿದ ದೇಶಗಳಲ್ಲಿ ಮೂರ್ಛೆರೋಗದ 100 ಜನರಲ್ಲಿ ಸುಮಾರು 30 ಜನಕ್ಕೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಮೆರಿಕದ ನ್ಯೂಯಾರ್ಕಿನಲ್ಲಿ ಹಂದಿಯನ್ನೇ ಮುಟ್ಟದ ಸಂಪ್ರದಾಯಸ್ಥ ಯಹೂದಿಗಳಲ್ಲಿ ನಾಲ್ವರಿಗೆ ಈ ರೋಗ ಬಂದದ್ದನ್ನು 1992ರಲ್ಲಿ ವೈದ್ಯರು ವರದಿ ಮಾಡಿದರು. ಹುಳು ಇದ್ದ ಮನೆಕೆಲಸದವರ ಕೈಯಿಂದ ಮೊಟ್ಟೆ ಊಟಕ್ಕೆ ಸೇರಿರಬೇಕು ಎಂಬುದು ಅವರ ತೀರ್ಮಾನ.

ಹಂದಿ ಹೊಲ ತುಳಿಯಿತು ಅಂತ ಬೈಯುತ್ತೇವೆ. ಆದರೆ ಹೊಲಕ್ಕೆ ಈ ಮೊಟ್ಟೆ ಹಾಕುವುದು ಹಂದಿಯಲ್ಲ, ಮನುಷ್ಯ. ತೇವದ ಮಣ್ಣಿನಲ್ಲಿ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ಬೆಳೆಯುವ ನಾವು ಮಾಡಬೇಕಾದ್ದು ಇಷ್ಟು:

1. ಬೋರಿನ ನೀರು ಸಾಲದು ಅಂತ ಚರಂಡಿ ನೀರನ್ನು ಕೊತ್ತಂಬರಿ, ಮೂಲಂಗಿ, ಸೌತೆಗೆ ಬಿಡಬೇಡಿ. ಹಸಿಯಾಗಿ ತಿನ್ನುವ ಬೆಳೆ ಇವು.

2. ಕಳೆ ಕೀಳಲು ಬರುವ ಆಳುಗಳಿಗೆ ಹೊಲದ ಹತ್ತಿರ ಒಂದು ಕಕ್ಕಸು, ಒಂದು ಬಕೆಟ್ ನೀರು, ಸೋಪು ಇರಲಿ. ಬದುವಿನ ಮರೆಯೇ ಗತಿ ಅಂತ ಬಿಡಬಾರದು.

3. ಕಕ್ಕಸಿನ ಗುಂಡಿ ತುಂಬಿದ ಕೂಡಲೇ ಬಗೆದು ಹೊಲಕ್ಕೆ ಹಾಕಬೇಡಿ. ಎರಡು ಗುಂಡಿ ಮಾಡಿ, ತುಂಬಿದ್ದನ್ನು 2 ವರ್ಷ ಮುಚ್ಚಿಡಿ.

4. ಹಂದಿ ಸಾಕುವವರು ದೊಡ್ಡಿಯಲ್ಲೇ ಮೇವು ಹಾಕಿ ಸಾಕಲಿ. ತಿನ್ನುವವರು ಒಳಗೆ ಕೆಂಪು ಉಳಿಯದಂತೆ ಬೇಯಿಸಲಿ.

5. ಹಸಿ ತರಕಾರಿಯನ್ನು ಒಳ್ಳೆಯ ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆಯಿರಿ. ಉಪ್ಪು, ಹುಳಿ ನಂಬಬೇಡಿ. ಬೇಯಿಸಿದರೆ ಮೊಟ್ಟೆ ಸಾಯುತ್ತದೆ.

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸಿ, ದೆವ್ವ ಬಿಡಿಸಿ ದಿನ ಕಳೆಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥವರಿಗೆ ಅಂಗಡಿಯಿಂದ ಜಂತುಹುಳು ಮಾತ್ರೆ ತಂದು ನೀವಾಗೇ ನುಂಗಿಸಲೂ ಬೇಡಿ. ಮಿದುಳಿನ ಗುಳ್ಳೆ ಸಾಯುವಾಗ ಸುತ್ತ ಬಾವು ಬಂದು ಫಿಟ್ಸ್ ಜೋರಾಗಬಹುದು. ಬಾವು ತಡೆಯುವ ಔಷಧಿಯನ್ನೂ ಸೇರಿಸಿ ಡಾಕ್ಟರೇ ಕೊಡಬೇಕು. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಜನ ಗುಣವಾಗುತ್ತಾರೆ. ಫಿಟ್ಸ್ ಬಂದ ಹೆಣ್ಣು ಅಂತ ಸಂಬಂಧ ಮುರಿಯುವುದು ತಿಳಿಗೇಡಿತನ.