ಮನೆ ಬಾಡಿಗೆಗಿದೆ, ನಾಲ್ಕೇ ತಿಂಗಳಿಗೆ!

ದೀಪಾವಳಿ ಕಳೆಯುತ್ತಿದ್ದಂತೆ ಕೆಜಿಎಫ್‌ನಲ್ಲಿ ಚಳಿ ಶುರು. ಅದೇ ಹೊತ್ತಿಗೆ ಚೆನ್ನೈನಲ್ಲಿರುವ ಮಗಳ ಫೋನು: 'ಅಮ್ಮಾ, ನವೆಂಬರ್‌ಗೆ ಡೇಟ್ ಕೊಟ್ಟಿದ್ದಾರೆ, ನೀನು ಬರ್ಲೇಬೇಕು.' ಇಲ್ಲವೇ ದುಬೈನಲ್ಲಿರುವ ಮಗ ಟಿಕೆಟ್ಟನ್ನೇ ಕಳಿಸಿಬಿಟ್ಟಿರುತ್ತಾನೆ. ಹೋಗೋದೇನೋ ಸರಿ, ನಾಲ್ಕು ತಿಂಗಳು ಮನೆ ಕಥೆ ಏನು?

ಬೀಗ ಹಾಕಿ ಹೊರಟರೆ ಕಳ್ಳರ ಭಯ, ಗೆದ್ದಲ ಕಾಟ, ಫ್ರಿಜ್‌ನಲ್ಲಿ ಬೂಸಲು. ಬಾಡಿಗೆಗೆ ಕೊಟ್ಟರೆ ನಾಲ್ಕು ಕಾಸು ಕೈಸೇರುತ್ತದೆ, ಮನೆಯಲ್ಲಿ ದೀಪ ಉರಿಯುತ್ತದೆ. ಆದರೆ ನೀವು ಕೊಡುತ್ತಿರುವುದು ಬರೀ ಗೋಡೆಗಳನ್ನಲ್ಲ. ಮಂಚ, ಮಿಕ್ಸಿ, ಪಾತ್ರೆ ಪಡಗ ಸಮೇತ ನಡೆಯುತ್ತಿರುವ ಸಂಸಾರವನ್ನೇ ಇನ್ನೊಬ್ಬರ ಕೈಗಿಡುತ್ತೀರಿ. 'ಪಾಪ, ಒಳ್ಳೆ ಜನ' ಎಂಬ ನಂಬಿಕೆ ಇರಲಿ, ಆದರೆ ನಿಮ್ಮನ್ನು ಕಾಯುವುದು ಕಾಗದ. ಅದಕ್ಕೇ ಎಲ್ಲವನ್ನೂ ಬರೆದಿಡಿ.

ಮೊದಲು, ಮನೆ ನಿಮ್ಮದೇ ತಾನೇ?

ತಮಾಷೆಯ ಪ್ರಶ್ನೆಯಲ್ಲ ಇದು. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಗಣಿಗಳ ಸುತ್ತಲಿನ ಕ್ವಾರ್ಟರ್ಸ್‌ನಲ್ಲಿ ಎಷ್ಟೋ ಕುಟುಂಬಗಳು ಆಮೇಲೂ ಉಳಿದವು. ತಲೆಮಾರುಗಳಿಂದ ವಾಸವಿದ್ದರೂ, ಗೋಡೆಗೆ ಸುಣ್ಣ ಬಳಿದವರು ನೀವೇ ಆದರೂ, ಮನೆ ನಿಮ್ಮ ಹೆಸರಿಗೆ ದಾಖಲೆಯಾಗದಿದ್ದರೆ ಅದನ್ನು ಬಾಡಿಗೆಗೆ ಕೊಡುವ ಹಕ್ಕು ನಿಮಗಿಲ್ಲ. ಕೊಟ್ಟರೆ, ನೀವು ಅಲ್ಲಿ ಇರುವುದಕ್ಕೇ ಸಂಚಕಾರ ಬರಬಹುದು. ಅಂಥ ಮನೆಯಾದರೆ ನಂಟರೊಬ್ಬರನ್ನು ರಾತ್ರಿ ಮಲಗಲು ಒಪ್ಪಿಸಿ ಹೊರಡುವುದೇ ಕ್ಷೇಮ.

ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಸ್ವಂತ ಮನೆಯಿದ್ದರೆ ತೊಂದರೆಯಿಲ್ಲ. ಆದರೆ ಒಂದು ಮಾತು. ಮನೆ ಯಾರ ಹೆಸರಿನಲ್ಲಿದೆಯೋ ಅವರೇ ಕರಾರಿಗೆ ಸಹಿ ಹಾಕಬೇಕು. ನಿಮ್ಮ ಹೆಸರಿನಲ್ಲಿದೆಯೇ? ಹಾಗಾದರೆ ಸಹಿ ನಿಮ್ಮದು, ಬಾಡಿಗೆ ಸೇರಬೇಕಾದ್ದೂ ನಿಮ್ಮ ಬ್ಯಾಂಕ್ ಖಾತೆಗೆ. 'ಅವರೇ ನೋಡ್ಕೋತಾರೆ ಬಿಡಿ' ಅನ್ನಬೇಡಿ.

ಯಾರಿಗೆ ಕೊಡೋದು?

ನಾಲ್ಕು ತಿಂಗಳಿಗೆ ಯಾರು ಬರ್ತಾರೆ ಅಂತೀರಾ? ಬರ್ತಾರೆ. ಬೆಮೆಲ್‌ಗೆ ತಾತ್ಕಾಲಿಕ ಕೆಲಸಕ್ಕೆ ಬಂದವರು, ಊರಗಾಂನ ಎಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಸೇರಿದ ಉಪನ್ಯಾಸಕರು, ತಮ್ಮ ಮನೆ ರಿಪೇರಿಗೆ ಬಿಟ್ಟು ತಲೆಯ ಮೇಲೊಂದು ಸೂರು ಹುಡುಕುವವರು. ಇವರೆಲ್ಲರಿಗೂ ಸಾಮಾನು ಸಮೇತ ಮನೆ ಸಿಕ್ಕರೆ ವರ. ಸಿನಿಮಾ ತಂಡದವರೋ, ಗೋದಾಮಿಗೆ ಬೇಕೆನ್ನುವವರೋ ದುಪ್ಪಟ್ಟು ಹಣ ತೋರಿಸಿದರೆ ಮಾತ್ರ ಎರಡು ಸಲ ಯೋಚಿಸಿ. ಅದು ವ್ಯಾಪಾರದ ಬಳಕೆ, ವಾಸಕ್ಕಲ್ಲ.

ಕೆಲಸದ ಕಡೆಯ ಗುರುತಿನ ಚೀಟಿ, ಆಧಾರ್ ಪ್ರತಿ, ಹಿಂದಿನ ಮನೆ ಮಾಲೀಕರ ಫೋನ್ ನಂಬರ್ ಕೇಳಿ ಪಡೆಯಿರಿ. ಹಿಂದಿನ ಮಾಲೀಕರಿಗೆ ಒಂದು ಫೋನ್ ಹಚ್ಚಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಕಂದಾಯ ಲೆಕ್ಕದಲ್ಲಿ ಕೋಲಾರ ಜಿಲ್ಲೆಯೇ ಆದರೂ ಕೆಜಿಎಫ್‌ಗೆ ತನ್ನದೇ ಪೊಲೀಸ್ ಜಿಲ್ಲೆ ಇದೆ. ನಿಮ್ಮ ಠಾಣೆಗೆ ಬಾಡಿಗೆದಾರರ ವಿವರ ಕೊಟ್ಟು ಸ್ವೀಕೃತಿ ಪಡೆಯಿರಿ. ಇದಕ್ಕೆ ಮುಖ ಸಿಂಡರಿಸುವವರು ನಿಮ್ಮ ಮನೆಗೆ ಬೇಡ.

ಯಾವುದು ಇರಲಿ, ಯಾವುದು ಬೇಡ

ಒಂದು ಕೋಣೆ ಆರಿಸಿಕೊಳ್ಳಿ. ಒಡೆದರೆ, ಕಳೆದರೆ ನಿಮ್ಮ ಕಣ್ಣಲ್ಲಿ ನೀರು ಬರಿಸುವ ಸಾಮಾನೆಲ್ಲಾ ಅಲ್ಲಿಗೆ ಹೋಗಲಿ. ರೇಷ್ಮೆ ಸೀರೆ, ಮಾವನವರ ಗಣಿ ದೀಪ, ಯಜಮಾನರ ಸರ್ವೀಸ್ ಕಾಗದ, ದೇವರ ಪಾತ್ರೆ, ಹತ್ತು ವರ್ಷ ಪಳಗಿಸಿದ ದೋಸೆ ಕಾವಲಿ ಕೂಡ! ಆ ಕೋಣೆಗೆ ಬೀಗ ಹಾಕಿ ಕೀಲಿ ನಿಮ್ಮ ಪರ್ಸಿನಲ್ಲಿರಲಿ. ಒಡವೆ, ಬೆಳ್ಳಿ, ಮನೆ ಪತ್ರ ಮಾತ್ರ ಆ ಕೋಣೆಯಲ್ಲೂ ಬೇಡ, ಬ್ಯಾಂಕ್ ಲಾಕರೇ ಸರಿ.

ಉಳಿದದ್ದಕ್ಕೆ ಪಟ್ಟಿ. 'ಅಡುಗೆ ಸಾಮಾನು' ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಮಿಕ್ಸಿ 1, ಜಾರು 3, ಒಂದರ ಮುಚ್ಚಳ ಬಿರುಕು. ಮಂಚ 2, ಫ್ಯಾನ್ 4, ಗೀಸರ್ 1. ಈಗಾಗಲೇ ಹಾಳಾಗಿರುವುದನ್ನೂ ಬರೆಯಿರಿ, ಅದು ಅವರಿಗೂ ನ್ಯಾಯ. ಪ್ರತಿ ಕೋಣೆಯ ವಿಡಿಯೊ ಮೊಬೈಲ್‌ನಲ್ಲಿ ತೆಗೆದು ಅವರಿಗೂ ಕಳಿಸಿ. ಪಟ್ಟಿಯ ಪ್ರತಿ ಪುಟಕ್ಕೂ ಇಬ್ಬರ ಸಹಿ ಬೀಳಲಿ.

ಕಾಗದದಲ್ಲಿ ಏನಿರಬೇಕು?

ಟೈಪಿಂಗ್ ಅಂಗಡಿಗೆ ಹೋದರೆ ಹನ್ನೊಂದು ತಿಂಗಳ ಕರಾರು ರೆಡಿ ಇರುತ್ತದೆ. ವರ್ಷ ಮೀರಿದ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು, ಅದಕ್ಕೇ ಈ ಹನ್ನೊಂದರ ರೂಢಿ. ನೀವು ಕಣ್ಣುಮುಚ್ಚಿ ಸಹಿ ಹಾಕಿದರೆ ಫೆಬ್ರುವರಿಯಲ್ಲಿ ವಾಪಸ್ ಬಂದು ಹೊರಗೆ ನಿಲ್ಲಬೇಕಾದೀತು! ನಾಲ್ಕು ತಿಂಗಳಾದರೆ ನಾಲ್ಕೇ ತಿಂಗಳು ಅಂತ ಬರೆಸಿ. ಶುರುವಾಗುವ ದಿನ, ಮುಗಿಯುವ ದಿನ ಎರಡೂ ತಾರೀಖಿನ ಸಮೇತ ಇ-ಸ್ಟಾಂಪ್ ಕಾಗದದಲ್ಲಿರಲಿ.

ನಿಮ್ಮಂಥವರಿಗೆ ವಕೀಲರು 'ಲೀವ್ ಅಂಡ್ ಲೈಸೆನ್ಸ್' ಕರಾರು ಸೂಚಿಸಬಹುದು. ಬಾಡಿಗೆ ಅಂದರೆ ಆ ಅವಧಿಗೆ ಮನೆಯ ಸ್ವಾಧೀನವನ್ನೇ ಬಿಟ್ಟುಕೊಟ್ಟಂತೆ. ಲೈಸೆನ್ಸ್‌ನಲ್ಲಿ ಸ್ವಾಧೀನ ನಿಮ್ಮದೇ, ಅವರಿಗೆ ಇರಲು ಅನುಮತಿ ಅಷ್ಟೆ. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಂ ಇದನ್ನೇ ಹೇಳುತ್ತದೆ. ಆದರೆ ಮೇಲೆ ಹೆಸರು ಬರೆಸಿದರೆ ಸಾಲದು. ಕಾಗದದ ಹೆಸರಿಗಿಂತ ಒಳಗಿನ ತಿರುಳು ಮುಖ್ಯ ಎಂದು ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿದೆ. ನೀವು ಬೀಗ ಹಾಕಿಟ್ಟ ಕೋಣೆಯ ವಿಷಯವೂ ಕರಾರಿನಲ್ಲಿ ಬರಲಿ. ವಕೀಲರ ಫೀಸು ಇಲ್ಲಿ ದಂಡವಲ್ಲ.

ಅಡ್ವಾನ್ಸ್ ಎಷ್ಟು? ಇಷ್ಟು ಕಡಿಮೆ ಅವಧಿಗೆ ಎರಡು ಮೂರು ತಿಂಗಳ ಬಾಡಿಗೆಯಷ್ಟು ಸಾಕು. ದೊಡ್ಡ ಮೊತ್ತ ತೆಗೆದುಕೊಂಡು 'ಲೀಸ್‌ಗೆ' ಹಾಕುವ ಆಸೆ ಬೇಡ. ಆ ಹಣ ಬಾಣಂತನದ ಖರ್ಚಿಗೆ ಕರಗಿದರೆ, ಅದನ್ನು ಹಿಂದಿರುಗಿಸುವವರೆಗೆ ಅವರು ಮನೆ ಬಿಡುವುದಿಲ್ಲ. ಬಂದ ಬಾಡಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲೂ ತೋರಿಸಿ. ಮುನಿಸಿಪಾಲಿಟಿ ತೆರಿಗೆ ಕಳೆದ ಮೇಲೆ ಉಳಿದದ್ದರಲ್ಲಿ ಶೇ 30ರಷ್ಟಕ್ಕೆ ವಿನಾಯಿತಿ ಉಂಟು.

ಕರೆಂಟು, ಗ್ಯಾಸು, ನೀರು

ಜಗಳ ಹುಟ್ಟೋದೇ ಇಲ್ಲಿ. ಕೀಲಿ ಕೊಡುವ ದಿನ ಬೆಸ್ಕಾಂ ಮೀಟರಿನ ಫೋಟೊ ತೆಗೆದಿಡಿ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಸೊನ್ನೆ ಬರುತ್ತಿರಬಹುದು. ಅವರು ಗೀಸರ್ ಉರಿಸಿ 200 ಯೂನಿಟ್ ದಾಟಿಸಿದರೆ ಪೂರ್ತಿ ಬಿಲ್ ಬೀಳುತ್ತದೆ. ಅದನ್ನು ಯಾರು ಕಟ್ಟಬೇಕು ಅಂತ ಮೊದಲೇ ಬರೆಸಿ.

ಗ್ಯಾಸ್ ಸಂಪರ್ಕ ನಿಮ್ಮ ಹೆಸರಿನದು, ಸಿಲಿಂಡರ್ ಬಂದಾಗ ಓಟಿಪಿ ಬರುವುದೂ ನಿಮ್ಮ ಮೊಬೈಲ್‌ಗೇ. ದುಬೈನಲ್ಲಿ ಕುಳಿತು ಆ ನಂಬರ್ ಹೇಳುವ ಪಾಡು ಬೇಡ. ಅವರ ಗ್ಯಾಸ್ ಅವರೇ ತರಲಿ, ನಿಮ್ಮ ಸಿಲಿಂಡರ್ ಬೀಗದ ಕೋಣೆಗಲ್ಲ, ನಂಟರ ಮನೆಗೆ ಹೋಗಲಿ. ಕೋಲಾರ ಸೀಮೆಯ ನೀರಿನ ಕಷ್ಟ ನಿಮಗೆ ಹೊಸದಲ್ಲ. ನಲ್ಲಿ ನೀರು ಯಾವಾಗ ಬರುತ್ತದೆ, ಬಾರದಿದ್ದರೆ ಟ್ಯಾಂಕರ್ ದುಡ್ಡು ಯಾರದ್ದು, ಅದೂ ಹೇಳಿಬಿಡಿ.

ವಾಪಸ್ ಬರುವ ದಿನ

ಕರಾರು ಮುಗಿಯುವ ದಿನ ನಿಮ್ಮ ಟಿಕೆಟ್ಟಿಗಿಂತ ಒಂದು ವಾರ ಮುಂಚೆ ಇರಲಿ. ಊರಲ್ಲೇ ಇರುವ ಅಕ್ಕನೋ ಮೈದುನನೋ ಪಟ್ಟಿ ಹಿಡಿದು ಸಾಮಾನು ಎಣಿಸಿ ಕೀಲಿ ಪಡೆಯಲಿ. ಅವರಿಗೆ ಆ ಅಧಿಕಾರ ಕೊಟ್ಟಿದ್ದೀರಿ ಎಂಬುದೂ ಬರಹದಲ್ಲಿರಲಿ. ಅಡ್ವಾನ್ಸ್ ಹಿಂದಿರುಗಿಸುವುದು ಅದಾದ ಮೇಲೆ.

'ಇನ್ನೆರಡು ತಿಂಗಳು ಇರ್ತೀವಿ ಆಂಟಿ' ಅಂದರೆ? ಬಾಯಿಮಾತಲ್ಲಿ ಹೂಂ ಅನ್ನಬೇಡಿ. ಇಷ್ಟವಿದ್ದರೆ ಹೊಸ ಕರಾರು, ಇಲ್ಲದಿದ್ದರೆ ವಕೀಲರ ಮೂಲಕ ನೋಟಿಸ್. ಕೋಪದಲ್ಲಿ ಬೀಗ ಒಡೆಸುವುದು, ಕರೆಂಟ್ ಕೀಳಿಸುವುದು ಮಾಡಿದರೆ ನ್ಯಾಯ ನಿಮ್ಮ ಕಡೆಯಿದ್ದರೂ ಕೇಸು ನಿಮ್ಮ ಮೇಲೇ ಬಿದ್ದೀತು.

ಹೊರಡುವ ಮುನ್ನ ನೆನಪಿರಲಿ

* ಕರಾರು, ಸಾಮಾನಿನ ಪಟ್ಟಿ, ಠಾಣೆಯ ಸ್ವೀಕೃತಿ: ಒಂದೊಂದು ಪ್ರತಿ ನಿಮ್ಮ ಚೀಲದಲ್ಲಿ, ಇನ್ನೊಂದು ನಂಟರ ಬಳಿ.
* ಪ್ಲಂಬರ್, ಎಲೆಕ್ಟ್ರಿಷಿಯನ್, ಟ್ಯಾಂಕರ್‌ನವರ ನಂಬರ್ ಅಡುಗೆಮನೆಯಲ್ಲಿ ಅಂಟಿಸಿ.
* ಮನೆಗೆ ವಿಮೆ ಇದ್ದರೆ ಬಾಡಿಗೆಗೆ ಕೊಡುವ ವಿಷಯ ಕಂಪನಿಗೆ ಬರೆದು ತಿಳಿಸಿ.
* ಪಕ್ಕದ ಮನೆಯವರಿಗೆ ಬಾಡಿಗೆದಾರರನ್ನು ನೀವೇ ಪರಿಚಯಿಸಿ. ಅವರ ಒಂದು ಕಣ್ಣು ಮನೆಯ ಮೇಲಿದ್ದರೆ ಮಗಳ ಮನೆಯಲ್ಲಿ ನಿಮಗೆ ನೆಮ್ಮದಿಯ ನಿದ್ದೆ.