ಚೈತ್ರ ವೈಶಾಖದ ಹಿತ್ತಲು

ಯುಗಾದಿಯ ಮಾವಿನ ತೋರಣ ಬಾಗಿಲಲ್ಲೇ ಒಣಗಿ ಗರಿಗರಿಯಾಗುವ ವೇಳೆಗೆ, ಮೈಸೂರಿನ ನಮ್ಮ ಮನೆಯ ಹಿತ್ತಲಿನ ಮಣ್ಣು ಬೆರಳಿಗೆ ಬೂದಿಯಂತೆ ಹತ್ತತೊಡಗುತ್ತದೆ. ಕಾರ್ತಿಕ ಮಾರ್ಗಶಿರಗಳ ಇಬ್ಬನಿಯಲ್ಲಿ ಬೀಜ ಚೆಲ್ಲಿದ್ದೊಂದೇ ನೆವವಾಗಿ ಅವರೆ, ಮೆಂತ್ಯ, ಮೂಲಂಗಿಗಳನ್ನು ಕೈತುಂಬ ಕೊಟ್ಟ ಅದೇ ನೆಲ, ಚೈತ್ರ ವೈಶಾಖಗಳಲ್ಲಿ ಒಂದೊಂದು ತಂಬಿಗೆ ನೀರಿಗೂ ಲೆಕ್ಕ ಕೇಳುವಂತಾಗುವುದರಿಂದ, ಅನೇಕ ಗೃಹಸ್ಥರು ಶಿವರಾತ್ರಿ ಕಳೆಯುತ್ತಲೇ ಪಾತಿಗಳ ಆಸೆ ತೊರೆದು ಮುಂಗಾರಿನ ದಾರಿ ನೋಡುತ್ತಾರೆ. ಅದು ಅಕಾರಣವಾದ ನಿರಾಶೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಬೇಸಿಗೆಯ ಹಿತ್ತಲು ನೀರನ್ನು ಬೇಡುವುದು ನಿಜವೇ ಆದರೂ, ನೀರಿಗಿಂತ ಮಿಗಿಲಾಗಿ ಅದು ಬೇಡುವುದು ಹೊತ್ತಿನ ಅರಿವನ್ನು. ದಿನದ ಯಾವ ಗಳಿಗೆ ಯಾವ ಗಿಡಕ್ಕೆ ಕಷ್ಟದ್ದು, ಯಾವುದು ಸುಖದ್ದು, ಯಾವ ಹೂ ಎಷ್ಟು ಹೊತ್ತಿಗೆ ಅರಳಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನು ಕಣ್ಣಾರೆ ಕಂಡು ತಿಳಿದವನಿಗೆ ನಾಲ್ಕು ಬಿಂದಿಗೆ ನೀರಿನಲ್ಲಿ ಆಗುವ ಕೆಲಸ, ತಿಳಿಯದವನಿಗೆ ತೊಟ್ಟಿಯನ್ನು ಬರಿದುಮಾಡಿದರೂ ಆಗದು.

ಈ ಮಾತನ್ನು ನಾನು ಕಲಿತದ್ದು ಒಂದು ಸಿಹಿಗುಂಬಳದ ಬಳ್ಳಿಯನ್ನು ಕಳೆದುಕೊಂಡು. ಆಗ ನನಗೆ 12 ವರ್ಷ. ಬಚ್ಚಲ ಹಿಂದಿನ ತಿಪ್ಪೆಯ ಪಕ್ಕದಲ್ಲಿ ನಾನೇ ಬೀಜ ಊರಿದ ಬಳ್ಳಿ ಬೇಲಿಯವರೆಗೆ ಹರಿದು, ಅಂಗೈಗಿಂತ ಎಷ್ಟೋ ಅಗಲವಾದ ಎಲೆಗಳನ್ನು ಹರಡಿಕೊಂಡಿತ್ತು. ಒಂದು ದಿನ ನಡುಹಗಲಲ್ಲಿ ಹೋಗಿ ನೋಡುತ್ತೇನೆ, ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತುಬಿದ್ದಿವೆ! ಬಾಯಾರಿತೆಂದು ಬಗೆದು ಎರಡು ಕೊಡ ನೀರು ಸುರಿದೆ. ಮರುದಿನ ಮಧ್ಯಾಹ್ನವೂ ಅದೇ ಸ್ಥಿತಿ, ಮತ್ತೆ ಎರಡು ಕೊಡ. ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ, "ಬಿಸಿಲು ಇಳಿಯೋವರೆಗೂ ತಾಳು ಮಗು. ಅದು ಬಾಯಾರಿ ಬಾಡಿದ್ದಲ್ಲ, ಬಿಸಿಲಿಗೆ ತಲೆ ತಗ್ಗಿಸಿದೆ ಅಷ್ಟೆ," ಎಂದರು. ನಾನು ತಾಳಲಿಲ್ಲ. ಕೆಲವು ದಿನಗಳಲ್ಲಿಯೇ ಬುಡ ಮೆತ್ತಗಾಗಿ, ಬೇರು ಕೊಳೆತು, ಸಂಜೆಯ ತಂಪಿಗೂ ತಲೆಯೆತ್ತಲಾರದೆ ಬಳ್ಳಿ ಸತ್ತುಹೋಯಿತು.

ಅಜ್ಜಿಯ ಮಾತಿನ ಮರ್ಮ ತಿಳಿದದ್ದು ಅನೇಕ ವರ್ಷಗಳ ತರುವಾಯ. ಅಗಲವಾದ ಎಲೆಯಿಂದ ಆವಿಯಾಗಿ ಹೋಗುವ ನೀರಿನ ವೇಗವನ್ನು ಬೇರು ಮೇಲೆತ್ತುವ ನೀರಿನ ವೇಗ ಸರಿಗಟ್ಟಲಾರದೆ ಹೋದಾಗ, ಮಣ್ಣಿನಲ್ಲಿ ಸಾಕಷ್ಟು ತೇವವಿದ್ದರೂ ಎಲೆ ಜೋಲುತ್ತದೆ. ಹಾಗೆ ಜೋತುಬಿದ್ದು ತನ್ನ ಮೈಯನ್ನು ನೇರವಾದ ಬಿಸಿಲಿನಿಂದ ತಪ್ಪಿಸಿಕೊಳ್ಳುತ್ತದೆ. ಕುಂಬಳ, ಸೋರೆ, ಸೌತೆಗಳಿಗೆ ಇದು ನಿತ್ಯದ ವ್ಯಾಪಾರ. ನೀರಿನ ಕೊರತೆಯನ್ನು ಅರಿಯಬೇಕಾದರೆ ಬೆಳಗಿನ ಜಾವದಲ್ಲಿ ನೋಡಬೇಕು: ಇರುಳೆಲ್ಲ ವಿಶ್ರಮಿಸಿಯೂ ಎಲೆ ಸೆಟೆದು ನಿಂತಿಲ್ಲವಾದರೆ ಅದು ದಾಹ. ಆಗಲೂ ಎರಡು ಗೆಣ್ಣಿನಾಳಕ್ಕೆ ಬೆರಳಿಳಿಸಿ, ಮಣ್ಣಿನ ಸಾಕ್ಷ್ಯವನ್ನು ಪಡೆದ ಮೇಲೆಯೇ ಕೊಡಕ್ಕೆ ಕೈಹಾಕತಕ್ಕದ್ದು.

ಇನ್ನು ನೀರಿನ ಪ್ರಮಾಣ. ಏಪ್ರಿಲ್ ತಿಂಗಳಲ್ಲಿ ಒತ್ತಾಗಿ ಬೆಳೆದ ಪಾತಿಯ ಒಂದು ಚದರ ಮೀಟರಿನಿಂದ ದಿನಕ್ಕೆ 5-6 ಲೀಟರ್ ನೀರು ಮಣ್ಣು ಮತ್ತು ಎಲೆಗಳ ಮೂಲಕ ಆವಿಯಾಗಿ ಹೋಗುತ್ತದೆಂದು ಎಣಿಸಿದರೆ, 10 ಅಡಿ ಉದ್ದ 10 ಅಡಿ ಅಗಲದ ತೋಟಕ್ಕೆ ಸುಮಾರು 50 ಲೀಟರ್ ಬೇಕಾಗುತ್ತದೆ. ಅಂದರೆ ಮೂರು ನಾಲ್ಕು ಬಿಂದಿಗೆ. ಇದನ್ನು ದಿನವೂ ಸಂಜೆ ಕೈಯಿಂದ ಚಿಮುಕಿಸಿ ತೃಪ್ತಿಪಡುವವರೇ ಹೆಚ್ಚು. ಮೇಲಿನ ಅರ್ಧ ಅಂಗುಲ ನೆನೆದು ಮಣ್ಣಿನ ಕಂಪು ಏಳುತ್ತದೆ, ಮನಸ್ಸಿಗೂ ಹಿತವಾಗುತ್ತದೆ. ಆದರೆ ಆ ಅರ್ಧ ಅಂಗುಲದ ತೇವವನ್ನರಸಿ ಮೇಲಕ್ಕೆ ಬಂದ ಬೇರುಗಳು ಮರುದಿನದ ಬಿಸಿಲಿಗೆ ಬೇಯುತ್ತವೆ. ಅದೇ ನೀರನ್ನು ಕೂಡಿಟ್ಟು, ದಿನ ಬಿಟ್ಟು ದಿನ, ಸೂರ್ಯೋದಯಕ್ಕೆ ಮುಂಚೆ, ಬುಡಕ್ಕೆ ಮಾತ್ರ ನಿಧಾನವಾಗಿ ಇಂಗಿಸಿದರೆ ಬೇರು ಕೆಳಕ್ಕಿಳಿಯುತ್ತದೆ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ನಮ್ಮ ಮನೆಯಲ್ಲಿ ಚರಂಡಿಯನ್ನು ಕಂಡದ್ದಿಲ್ಲ. ಸೋಪಿನ ನೀರು ಮಾತ್ರ ಬಾಳೆಯ ಬುಡಕ್ಕೆ. ಎಳೆಯ ಪಾತಿಗಳಿಗೆ ಅದು ಸಲ್ಲದು.

ಹಿತ್ತಲ ಮೂಲೆಯ ಹೊಂಗೆಯ ಮರ ಉದುರಿಸಿದ ತರಗೆಲೆಗೆ ಬೆಂಕಿಯಿಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಾಲ್ಕು ಬೆರಳು ದಪ್ಪಕ್ಕೆ ಅದನ್ನು ಪಾತಿಯ ಮೇಲೆ ಹಾಸಿ, ಕಾಂಡದ ಸುತ್ತ ಮಾತ್ರ ಒಂದು ಗೇಣು ಬಿಟ್ಟರೆ, ನಡುಮಧ್ಯಾಹ್ನದಲ್ಲಿಯೂ ಕೆಳಗಿನ ಮಣ್ಣನ್ನು ಮುಟ್ಟಿದಾಗ ತಣ್ಣಗಿರುತ್ತದೆ. ಇದಕ್ಕಿಂತಲೂ ನನಗೆ ಪ್ರಿಯವಾದುದು ಹೂತಿಟ್ಟ ಮಡಕೆ. ಸುಟ್ಟ ಮಣ್ಣಿನ, ಬಣ್ಣ ಬಳಿಯದ ಮಡಕೆಯನ್ನು ಕತ್ತಿನವರೆಗೆ ನೆಲದಲ್ಲಿ ಹೂತು, ನೀರು ತುಂಬಿ, ಸೊಳ್ಳೆ ಸೇರದಂತೆ ಹಂಚಿನ ಚೂರು ಮುಚ್ಚಿ, ಸುತ್ತಲೂ ಹೀರೆ ಸೌತೆಗಳ ಬೀಜ ಊರುವುದು. ಸುತ್ತಲಿನ ಮಣ್ಣು ಒಣಗಿದಷ್ಟೂ ಮಡಕೆಯ ಮೈಯಿಂದ ನೀರನ್ನು ಸೆಳೆದುಕೊಳ್ಳುತ್ತದೆ, ನೆನೆದಾಗ ಸೆಳೆಯದೆ ಸುಮ್ಮನಿರುತ್ತದೆ. ಚೀನಾ ದೇಶದ ಫಾನ್ ಷೆಂಗ್‌ಝಿಯ ಕೃಷಿಗ್ರಂಥದಲ್ಲಿ, ಸುಮಾರು 2000 ವರ್ಷಗಳಷ್ಟು ಹಿಂದೆಯೇ ಈ ವಿಧಾನದ ವಿವರಣೆ ಇದೆ. ನಮ್ಮವರೂ ಈ ವಿದ್ಯೆಗಳನ್ನು ಉಪೇಕ್ಷಿಸಿದವರಲ್ಲ. ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನು (ಗೊಮ್ಮಟನನ್ನು ಕಡೆಸಿದಾತನಲ್ಲ, ಬೇರೊಬ್ಬ) 1025ರ ಸುಮಾರಿನಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ, ಅಡುಗೆಯ ಪಾಕಗಳ ಜೊತೆಗೆ ವೃಕ್ಷಾಯುರ್ವೇದವೂ ನೆಲದೊಳಗಿನ ನೀರಿನ ಶೋಧವೂ ಒಂದೇ ಗ್ರಂಥದಲ್ಲಿ ಸೇರಿವೆ. ಒಲೆ, ಗಿಡ, ಬಾವಿ ಈ ಮೂರನ್ನೂ ಒಬ್ಬನೇ ಗೃಹಸ್ಥನು ತಿಳಿದಿರಬೇಕೆಂದು ಅಂದು ಭಾವಿಸಿದ್ದರಲ್ಲವೆ!

ಬೇಸಿಗೆಯ ಅತ್ಯಂತ ಬೆಲೆಯುಳ್ಳ ಗಳಿಗೆ ಬೆಳಗಿನ ಆರರಿಂದ ಎಂಟರವರೆಗಿನದು. ಸಿಹಿಗುಂಬಳದ ಹೂ ಅರಳುವುದು ಆಗಲೇ. ಬಿಸಿಲೇರಿದಂತೆ ಅದು ಸುತ್ತಿಕೊಂಡು ಮತ್ತೆಂದೂ ತೆರೆಯದು. ಬಳ್ಳಿಯಲ್ಲಿ ಮೊದಲು ಬರುವುವೆಲ್ಲ ಗಂಡು ಹೂಗಳು, ಉದ್ದವಾದ ತೆಳು ತೊಟ್ಟಿನವು. ಅವು ಉದುರುವುದನ್ನು ಕಂಡು ಕಂಗೆಡಬೇಕಾದುದಿಲ್ಲ. ವಾರವೋ ಹತ್ತು ದಿನವೋ ಕಳೆದ ಮೇಲೆ, ದಳಗಳ ಕೆಳಗೆ ಗೋಲಿಯಷ್ಟು ಗಾತ್ರದ ಹಸಿರು ಹೀಚನ್ನು ಹೊತ್ತ ಹೆಣ್ಣು ಹೂ ಕಾಣಿಸಿಕೊಳ್ಳುತ್ತದೆ. ತುಡುವೆ ಜೇನು ಬಂದರೆ ನಮಗೆ ಕೆಲಸವಿಲ್ಲ. ಬಾರದಿದ್ದರೆ ಗಂಡು ಹೂವೊಂದನ್ನು ಕಿತ್ತು, ಹಳದಿ ದಳಗಳನ್ನು ಸುಲಿದು, ನಡುವಿನ ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನ ಅಂಟಂಟಾದ ಶಲಾಕಾಗ್ರಕ್ಕೆ ಮೃದುವಾಗಿ ಸವರಬೇಕು. ಪರಾಗ ಕೂಡಿದ್ದರೆ ಮೂರು ನಾಲ್ಕು ದಿನಗಳಲ್ಲಿ ಹೀಚು ತಲೆಕೆಳಗಾಗಿ ಬಾಗಿ ಊದತೊಡಗುತ್ತದೆ. ಇಲ್ಲವಾದರೆ ಹಳದಿಗೆ ತಿರುಗಿ ಕಳಚಿಬೀಳುತ್ತದೆ. ಆ ಹೀಚನ್ನು ದಿನವೂ ಬೆಳಿಗ್ಗೆ ಹೋಗಿ ನೋಡುವ ಆತುರ ಇಷ್ಟು ವರ್ಷಗಳಾದರೂ ನನ್ನಲ್ಲಿ ಕುಂದಿಲ್ಲ.

ಎಲ್ಲ ಗಿಡಗಳೂ ಬೇಸಿಗೆಗೆ ಒಗ್ಗುವುದಿಲ್ಲ. ಟೊಮೆಟೊ ಗಿಡ ಬಿಸಿಲಿನಲ್ಲಿ ಬದುಕುತ್ತದೆ, ಹೂವನ್ನೂ ಬಿಡುತ್ತದೆ; ಆದರೆ ಹಗಲಿನ ತಾಪ 35 ಡಿಗ್ರಿ ಸಮೀಪಿಸಿದಾಗ ಪರಾಗ ಸತ್ವಗುಂದಿ ಹೂಗಳು ಕಾಯಿ ಕಚ್ಚದೆ ಉದುರುತ್ತವೆ. ಗೊಬ್ಬರ ಸುರಿದು ಅದನ್ನು ಪೀಡಿಸುವುದು ವ್ಯರ್ಥ. ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಏರುತ್ತದೆ. ದಂಟಿನ ಸೊಪ್ಪು, ಗೋರಿಕಾಯಿ, ಅಲಸಂದೆ, ಬೆಂಡೆ ಇವಾದರೋ ಬಿಸಿಲನ್ನೇ ಉಂಡು ಪುಷ್ಟಿಗೊಳ್ಳುವ ಜಾತಿ. ದಂಟು ಬಿತ್ತಿದ ಒಂದು ತಿಂಗಳಿಗೆ ಸಾರಿಗೆ ಬರುತ್ತದೆ. ಬೆಂಡೆಗೆ ಒಂದು ಶತ್ರು ಉಂಟು: ಬಿಳಿನೊಣ ಹರಡುವ ಹಳದಿ ನರದ ರೋಗ. ಎಲೆಯ ನರಗಳು ಬಲೆಯಂತೆ ಹಳದಿಯಾದುವೆಂದರೆ ಮದ್ದಿಲ್ಲ, ಕಿತ್ತು ದೂರ ಒಯ್ಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಾಡುಬೆಂಡೆಯೊಡನೆ ಸಂಕರ ಮಾಡಿ ಪಡೆದ 'ಅರ್ಕಾ ಅನಾಮಿಕಾ' ತಳಿ ಈ ರೋಗಕ್ಕೆ ಎದುರು ನಿಲ್ಲಲೆಂದೇ ಹುಟ್ಟಿದ್ದು. ಅದನ್ನು ಹಾಕಿಯೂ ವಾರಕ್ಕೊಮ್ಮೆ ಎಲೆಯ ಅಡಿಯನ್ನು ಮಗುಚಿ ನೋಡುವುದು ನನ್ನ ಪದ್ಧತಿ.

ಸಂಜೆ ಐದು ದಾಟಿದ ಮೇಲೆ ಹಿತ್ತಲು ಮತ್ತೊಮ್ಮೆ ಎಚ್ಚರಗೊಳ್ಳುತ್ತದೆ. ಕುಂಬಳ ಬೆಳಿಗ್ಗೆ ಮುಗಿಸಿದ ಕೆಲಸವನ್ನು ಹೀರೆ ಆಗ ಆರಂಭಿಸುತ್ತದೆ. ಚಪ್ಪರದ ತುಂಬ ಹಳದಿ ಹೂಗಳು ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತವೆ. ಸೋರೆಯ ಬಿಳಿ ಹೂ, ನೂಲಿನ ಅಂಚಿನ ಪಡವಲದ ಹೂ ಮುಸ್ಸಂಜೆಗೆ. ಚಪ್ಪರವನ್ನು ಪಾತಿಗಳ ಪಡುವಣಕ್ಕೆ ಕಟ್ಟಿದ್ದರೆ, ಇಳಿಹೊತ್ತಿನ ಬಿಸಿಲು ಅದರಲ್ಲಿ ಸೋಸಿ ಬಂದು ಕೆಳಗಿನ ಸೊಪ್ಪುಗಳು ಬಾಡದೆ ಉಳಿಯುತ್ತವೆ.

ಏಪ್ರಿಲ್ ಕಡೆಯ ವಾರದಲ್ಲಿ ಹುಟ್ಟುವ ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎಂಬುದು ನಮ್ಮ ರೈತರ ಗಾದೆ. ಈ ವರ್ಷ ಅದು ಒಂದು ರಾತ್ರಿ ಗುಡುಗು ಸಿಡಿಲಿನೊಡನೆ ಬಂದು, ಗಳಿಗೆ ಹೊತ್ತು ಹೊಡೆದು ಹೋಯಿತು. ಬೆಳಗಾಗುತ್ತಲೇ ಬಿಂದಿಗೆ ಹಿಡಿದು ಹಿತ್ತಲಿಗೆ ಹೋದೆ. ತರಗೆಲೆಯ ಮೇಲೆ ಮಾವಿನ ಮಿಡಿಗಳು ಉದುರಿಬಿದ್ದಿದ್ದವು. ಮಡಕೆಯ ಮೇಲಿನ ಹಂಚಿನ ಚೂರನ್ನು ಎತ್ತಿ ನೋಡಿದೆ: ಹಿಂದಿನ ಸಂಜೆ ಕಂಠದವರೆಗೆ ತುಂಬಿದ್ದ ನೀರು ಹಾಗೆಯೇ ನಿಂತಿತ್ತು.