ಹೊಳೆದಂಡೆಯ ಬುತ್ತಿ, ಇಟಲಿಯ ಮೇಜು

ಸಂಕ್ರಮಣದ ದಿನ ಹಾವೇರಿ ಸೀಮೆಯ ಬಹಳಷ್ಟು ಜನ ಮನೆಯಲ್ಲಿ ಕುಳಿತು ಉಣ್ಣುವುದಿಲ್ಲ. ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಂಥ ಸ್ಥಳಕ್ಕೆ ಹೋಗಿ, ಹೊಳೆಯಲ್ಲಿ ಮಿಂದು, ಹನ್ನೊಂದನೆಯ ಶತಮಾನದ ಗಳಗೇಶ್ವರ ಗುಡಿಯಲ್ಲಿ ಕೈಮುಗಿದು, ದಂಡೆಯ ಮೇಲೆ ಬುತ್ತಿ ಬಿಚ್ಚಿದರೇ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಕೆಂಪು ರಂಜಕ, ಶೇಂಗಾ ಹೋಳಿಗೆ, ಮೊಸರನ್ನ ಎಲ್ಲವೂ ಚಾಪೆಯ ನಡುವೆ. ಯಾವ ಡಬ್ಬಿ ಯಾರ ಮನೆಯದೆಂಬುದು ಎರಡನೆಯ ರೊಟ್ಟಿಯ ಹೊತ್ತಿಗೆ ಮರೆತೇ ಹೋಗಿರುತ್ತದೆ.

ಇಂಥ ಮನೆಗಳ ಮಕ್ಕಳು ಈಗ ಬೆಂಗಳೂರಿನಲ್ಲಿ ನೌಕರಿಗಿದ್ದಾರೆ. ಗೆಳೆಯನಿಗೆ ಬಡ್ತಿ ಬಂತೆಂದರೆ ಹತ್ತು ಹನ್ನೆರಡು ಮಂದಿ ಸೇರಿ ಇಟಾಲಿಯನ್ ಹೋಟೆಲಿಗೆ ಹೋಗುವುದು ಅವರ ರೂಢಿ. ಅಲ್ಲಿ ಉದ್ದನೆಯ ಮೇಜು, ಕಣ್ಣೆದುರಿಗೇ ಉರಿಯುವ ಪಿಜ್ಜಾ ಒಲೆ, ನಡುವೆ ಇಟ್ಟು ಎಲ್ಲರೂ ಹಂಚಿಕೊಳ್ಳುವ ಪಾಸ್ತಾ ತಟ್ಟೆಗಳು, ಸಂಗೀತ, ನಗು, ಗದ್ದಲ. ಆ ಫೋಟೋ ಊರಿಗೆ ಬಂದಾಗ ಹಿರಿಯರು, "ಇದೆಂಥಾ ಊಟನೋ ತಮ್ಮಾ, ರೊಟ್ಟಿ ಎಲ್ಲಿ ಐತಿ?" ಎಂದು ಕೇಳುವುದುಂಟು. ಆದರೆ ಈ ಎರಡು ಊಟಗಳು ನಾವು ತಿಳಿದಷ್ಟು ದೂರದವಲ್ಲ.

ಒಂದೇ ಕುಲದ ಕಾಳು

ಪಾಸ್ತಾವನ್ನೇ ನೋಡಿ. ಅದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದ ಆಗುವಂಥದು. ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕೆಂದು ಇಟಲಿ 1967ರಲ್ಲಿ ಕಾಯಿದೆಯನ್ನೇ ತಂದಿತು. ನಮ್ಮಲ್ಲಿ ಶಾವಿಗೆಗೆ, ಮಾದಲಿಗೆ, ಹುಗ್ಗಿಗೆ ಹೇಳಿಮಾಡಿಸಿದ್ದು ಸದಕ ಅಥವಾ ಜವೆಗೋಧಿ. ಚಪಾತಿಯ ಗೋಧಿಯ ಜೀವಕೋಶದಲ್ಲಿ 42 ವರ್ಣತಂತುಗಳಿದ್ದರೆ ಡ್ಯೂರಮ್‌ನಲ್ಲೂ ಸದಕದಲ್ಲೂ ಇರುವುದು 28. ಇವೆರಡೂ ಒಂದೇ ಕುಲದ ದಾಯಾದಿಗಳು. ಸದಕವನ್ನು ಇಟಲಿಯವರೂ ಬಲ್ಲರು, ಅವರು ಅದನ್ನು 'ಫಾರ್ರೊ' ಎನ್ನುತ್ತಾರೆ.

ಹಿಟ್ಟನ್ನು ನಾದಿದಾಗ ಅದರಲ್ಲಿರುವ ಪ್ರೋಟೀನುಗಳು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಪಿಷ್ಟವನ್ನು ಈ ಬಲೆ ಹಿಡಿದಿಟ್ಟುಕೊಳ್ಳುವುದರಿಂದಲೇ ಎಳೆ ಕುದಿನೀರಿನಲ್ಲಿ ಕರಗಿ ಮುದ್ದೆಯಾಗುವುದಿಲ್ಲ. ಬೇಸಿಗೆಯಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಒಬ್ಬರ ಮನೆಯಲ್ಲಿ ಕೂಡಿ ಶಾವಿಗೆ ಹೊಸೆದು, ಕೋಲಿನ ಮೇಲೆ ಒಣಗಿಸುತ್ತಿದ್ದುದರ ಹಿಂದೆ ಇದ್ದದ್ದೂ ಇದೇ ವಿದ್ಯೆ.

ಇನ್ನು ಮೇಜಿನ ಮೇಲಿನ ಕೆಂಪು ಬಣ್ಣ. ಇಟಲಿಯ ಸಾಸಿಗೆ ಬಣ್ಣ ಕೊಡುವ ಟೊಮೆಟೊ, ನಮ್ಮ ರಂಜಕಕ್ಕೆ ಬಣ್ಣ ಕೊಡುವ ಬ್ಯಾಡಗಿ ಮೆಣಸಿನಕಾಯಿ, ಎರಡೂ ಅಮೆರಿಕ ಖಂಡದಿಂದ ಹಡಗೇರಿ ಬಂದವು. ಇಟಲಿಯಲ್ಲಿ ಟೊಮೆಟೊ ಮೊದಲು ದಾಖಲಾದದ್ದು ಹದಿನಾರನೆಯ ಶತಮಾನದಲ್ಲಿ. ಮೆಣಸಿನಕಾಯಿಯನ್ನು ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ತಂದದ್ದು ಅದೇ ಶತಮಾನದಲ್ಲಿ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಿಂದ ಹೆಸರಾದ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ನೆಂಟನಾಗಿ ಬಂದ ಬೆಳೆ ಈಗ ಮನೆಯ ಯಜಮಾನ!

ಗದ್ದಲದ ಗುಟ್ಟು

ಹೋಟೆಲಿನಲ್ಲಿ ಅಷ್ಟು ಗದ್ದಲ ಏಕೆ? ಗಾಜು, ಕಲ್ಲು, ಗಾರೆಯ ಗೋಡೆಗಳು ದನಿಯನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. ಸುತ್ತ ಸದ್ದಿದ್ದರೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ. ಇದನ್ನು ಗುರುತಿಸಿದ ಫ್ರೆಂಚ್ ವೈದ್ಯ ಲೊಂಬಾರ್ಡ್‌ನ ಹೆಸರೇ ಈ ಗುಣಕ್ಕಿದೆ. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದ ಮೇಜಿನವರೂ ಏರಿಸಲೇಬೇಕು. ಹೊಳೆದಂಡೆಯಲ್ಲಾದರೆ ದನಿ ಬಯಲಿಗೆ ಹೋಗಿಬಿಡುತ್ತದೆ, ಅಜ್ಜಿ ಮೆಲ್ಲಗೆ ಹೇಳಿದ ಮಾತೂ ಮೊಮ್ಮಗನಿಗೆ ಕೇಳಿಸುತ್ತದೆ.

ಕೂಡಿ ಉಣ್ಣುವುದರಲ್ಲಿ ಲಾಭವೂ ಇದೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇತರರೊಡನೆ ಹೆಚ್ಚಾಗಿ ಉಣ್ಣುವವರು ಹೆಚ್ಚು ಸಂತೋಷದಿಂದಿರುವುದೂ ಸುತ್ತಲಿನವರನ್ನು ಹೆಚ್ಚು ನಂಬುವುದೂ ಕಂಡುಬಂತು. ಇಟಲಿಯ ಭಾಷೆಯಲ್ಲಿ ಸಂಗಾತಿಗೆ 'ಕಂಪಾನ್ಯೊ' ಎನ್ನುತ್ತಾರೆ. ಅದರ ಲ್ಯಾಟಿನ್ ಮೂಲದ ಅರ್ಥ 'ರೊಟ್ಟಿಯನ್ನು ಜೊತೆಗೆ ಉಂಡವನು'.

ಯಾರ ಜೊತೆ?

ಪ್ರಶ್ನೆ ಇರುವುದು ಇಲ್ಲಿಯೇ. ನಗರದ ಆ ಮೇಜಿನಲ್ಲಿ ಪಕ್ಕದವನ ಜಾತಿಯನ್ನು ಯಾರೂ ಕೇಳುವುದಿಲ್ಲ, ಆದರೆ ಬಿಲ್ಲು ಕೊಡಲಾಗದವನು ಬಾಗಿಲ ಹೊರಗೇ ಉಳಿಯುತ್ತಾನೆ. ಹೊಳೆದಂಡೆಯಲ್ಲಿ ಬಿಲ್ಲಿಲ್ಲ, ಆದರೆ ನಮ್ಮ ಊರುಗಳಲ್ಲಿ ಪಂಕ್ತಿ ಎಂದರೆ ಕೂಡಿಸುವುದಷ್ಟೇ ಅಲ್ಲ, ಬೇರೆ ಕೂಡ್ರಿಸುವುದೂ ಆಗಿತ್ತು. ಚಾಪೆ ಚಾಪೆಗಳ ನಡುವಿನ ಆ ಅಂತರ ಎಲ್ಲ ಕಡೆ ಅಳಿದಿದೆ ಎನ್ನುವ ಧೈರ್ಯ ಇಂದಿಗೂ ಬಾರದು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವನ್ನು ಒಮ್ಮೆ ಓದಬೇಕು. ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದ ಸ್ಥಳಗಳ ಆ ಪಟ್ಟಿಯಲ್ಲಿ ಉಪಾಹಾರ ಗೃಹವೂ ಇದೆ, ಸ್ನಾನಘಟ್ಟವೂ ಇದೆ. ಅದಕ್ಕೂ ಎಂಟು ನೂರು ವರ್ಷ ಮುಂಚೆ ಶರಣರು ದಾಸೋಹದ ಮಾತಾಡಿದ್ದರು. ಅವರಲ್ಲೊಬ್ಬನಾದ ಅಂಬಿಗರ ಚೌಡಯ್ಯನ ಹೆಸರಿನ ಚೌಡಯ್ಯದಾನಪುರ ಇರುವುದೂ ಇದೇ ತುಂಗಭದ್ರೆಯ ದಂಡೆಯಲ್ಲಿ. ಹತ್ತಿದವರೆಲ್ಲ ಒಂದೇ ಹಲಗೆಯ ಮೇಲೆ ಕೂಡದೆ ದೋಣಿ ಆಚೆ ದಡ ಸೇರುವುದಿಲ್ಲ ಎಂಬುದು ಅಂಬಿಗನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಕ್ಕಳು ಪಾಸ್ತಾ ತಿಂದರೆಂದು ನಮ್ಮ ಅಡುಗೆ ಕೆಡುವುದಿಲ್ಲ, ಅದು ಶಾವಿಗೆಯ ಬಂಧುವೇ. ಆದರೆ ಯಾರೆಂದು ಕೇಳದೆ ಪಕ್ಕದಲ್ಲಿ ಕುಳಿತು ಒಂದೇ ತಟ್ಟೆಗೆ ಕೈ ಹಾಕುವ ಆ ಮೇಜಿನ ರೂಢಿಯನ್ನು ಅವರು ಸಂಕ್ರಮಣಕ್ಕೆ ಊರಿಗೆ ತರಲಿ. ದುಡ್ಡು ಕೇಳದೆ ಬಡಿಸುವ ಹೊಳೆದಂಡೆಯ ಬುದ್ಧಿಯನ್ನು ನಗರಕ್ಕೆ ಒಯ್ಯಲಿ. ಎರಡು ಚಾಪೆಗಳನ್ನು ಅಂಚಿಗೆ ಅಂಚು ತಾಗಿಸಿ ಹಾಸುವುದಕ್ಕೆ ಖರ್ಚೇನೂ ಇಲ್ಲ.